ವಸಂತದಲ್ಲಿ ಕರಡಿ ಬೇಟೆ ಬೇಡ ಅನ್ನುವುದು ಯಾಕೆ?

ಪ್ರಶ್ನೆ: ನಾನು ಹೊಸಪೇಟೆಯವನು. ಕೆಲಸದ ಮೇಲೆ ಕೆನಡಾದ ಒಂಟಾರಿಯೋ ಪ್ರಾಂತ್ಯದ ಸಡ್‌ಬರಿಗೆ ಬಂದಿದ್ದೇನೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಪ್ರತಿ ಮೇ ತಿಂಗಳು ಕರಡಿ ಬೇಟೆಗೆ ಹೋಗುತ್ತಾರೆ. ಈ ಸಲ ನನ್ನನ್ನೂ ಕರೆದಿದ್ದಾರೆ. "ನಾವು ಹೊಡೆಯುವುದು ಗಂಡು ಕರಡಿ ಮಾತ್ರ, ಮರಿ ಇರುವ ತಾಯಿಯನ್ನು ಹೊಡೆದರೆ ಜೈಲು, ಕರಡಿ ಕಡಿಮೆಯಾದರೆ ಊರಿಗೆ ನುಗ್ಗುವುದೂ ಕಡಿಮೆಯಾಗುತ್ತದೆ" ಅನ್ನುತ್ತಾರೆ. ನನ್ನ ಹೆಂಡತಿ ಸುತಾರಾಂ ಬೇಡ ಅನ್ನುತ್ತಿದ್ದಾಳೆ. ಅವರು ಹೇಳುವುದು ನಿಜವೇ? ಇದನ್ನು ವಿರೋಧಿಸುವವರು ಬರೀ ಮರುಕದಿಂದ ಮಾತಾಡುತ್ತಾರೋ, ಅಥವಾ ಅದರಲ್ಲಿ ತಿರುಳಿದೆಯೋ?

ಉತ್ತರ: ನಿಮ್ಮ ಜೊತೆಗಾರರು ಸುಳ್ಳು ಹೇಳುತ್ತಿಲ್ಲ. ಒಂಟಾರಿಯೋದಲ್ಲಿ ವಸಂತದ ಬೇಟೆಯಲ್ಲಿ ಮರಿಯನ್ನಾಗಲಿ, ಮರಿ ಜೊತೆಗಿರುವ ಹೆಣ್ಣನ್ನಾಗಲಿ ಹೊಡೆಯುವುದು ಅಪರಾಧ. 25,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು. ಕಾನೂನು ಬರೆದವರ ಉದ್ದೇಶವೂ ಒಳ್ಳೆಯದೇ. ಆದರೆ ಆ ಕಾನೂನು ಕೆಲಸ ಮಾಡಬೇಕಾದರೆ ಬಂದೂಕು ಹಿಡಿದವರ ಕಣ್ಣಿಗೆ ಮರಿ ಕಾಣಬೇಕು. ಮೇ ತಿಂಗಳಲ್ಲಿ ಮರಿ ಎಷ್ಟೋ ಸಲ ಕಾಣುವುದಿಲ್ಲ. ನನ್ನ ವಿರೋಧವೆಲ್ಲ ನಿಂತಿರುವುದು ಇದರ ಮೇಲೆ. ತಾಯಿಯನ್ನು ನಿಜವಾಗಿ ಕಾಯುವುದು ದಂಡದ ಮೊತ್ತ ಅಲ್ಲ, ಬೇಟೆಯ ತಿಂಗಳು.

ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಈ ಕರಡಿಯ ವರ್ಷ ಹೇಗೆ ಸಾಗುತ್ತದೆ ಅಂತ ನೋಡಬೇಕು. ನಿಮ್ಮ ಹೊಸಪೇಟೆಯ ಪಕ್ಕದಲ್ಲೇ ದರೋಜಿ ಕರಡಿ ಧಾಮ ಇದೆ, ಅಲ್ಲಿ ಸಂಜೆ ಹೊತ್ತು ಬಂಡೆಗಳ ಮೇಲೆ ಕರಡಿ ಇಳಿದು ಬರುವುದನ್ನು ನೀವು ನೋಡಿರಬಹುದು. ನಮ್ಮ ಕಡೆಯ ತಾಯಿ ಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಅದರ ಕಾಡಿನಲ್ಲಿ ಹುಲಿ, ಚಿರತೆಗಳಿವೆ. ಮೇವಿನ ಜಾಗ ಹೆಚ್ಚಾಗಿ ಬಯಲು, ಕುರುಚಲು, ಹತ್ತಿ ಬಚ್ಚಿಟ್ಟುಕೊಳ್ಳಲು ಎತ್ತರದ ಮರಗಳು ಕಡಿಮೆ. ಹಾಗಾಗಿ ಮರಿ ತಾಯಿಯ ಮೈಗೆ ಅಂಟಿಕೊಂಡೇ ಇರುತ್ತದೆ. ಒಂಟಾರಿಯೋದ ಕಪ್ಪು ಕರಡಿ ಬೇರೆಯದೇ ದಾರಿ ಹಿಡಿದಿದೆ. ಅದು ಮರಿಗಳನ್ನು ಮರ ಹತ್ತಿಸಿ ತಾನು ಮೇಯಲು ಹೋಗುತ್ತದೆ.

ಕಪ್ಪು ಕರಡಿ ಕೂಡುವುದು ಮೇ ಕೊನೆಯಿಂದ ಜುಲೈ ಒಳಗೆ. ಆದರೆ ಭ್ರೂಣ ಆಗಲೇ ಬೆಳೆಯಲು ಶುರುವಾಗುವುದಿಲ್ಲ. ಹೊಟ್ಟೆಯೊಳಗೆ ತಿಂಗಳುಗಟ್ಟಲೆ ಸುಮ್ನೆ ಕಾಯುತ್ತಿರುತ್ತದೆ. ಬೇಸಿಗೆ, ಶರತ್ಕಾಲದಲ್ಲಿ ಹಣ್ಣು, ಕಾಯಿ ತಿಂದು ತಾಯಿ ಸಾಕಷ್ಟು ಕೊಬ್ಬು ಕೂಡಿಟ್ಟರೆ ಮಾತ್ರ ನವೆಂಬರ್ ಸುಮಾರಿಗೆ ಗರ್ಭಕೋಶಕ್ಕೆ ಅಂಟುತ್ತದೆ. ಮೇವು ಕೈಕೊಟ್ಟ ವರ್ಷ ಆ ಭ್ರೂಣ ಉಳಿಯುವುದೇ ಇಲ್ಲ. ಜನವರಿಯಲ್ಲಿ, ಹೊರಗೆ ಹಿಮ ಬೀಳುತ್ತಿರುವಾಗ, ಚಳಿನಿದ್ದೆಯ ಗುಹೆಯೊಳಗೆ ಎರಡೋ ಮೂರೋ ಮರಿ ಹುಟ್ಟುತ್ತವೆ. ಒಂದೊಂದರ ತೂಕ ಸುಮಾರು 300 ಗ್ರಾಂ, ಒಂದು ದೊಡ್ಡ ಮಾವಿನಹಣ್ಣಿನಷ್ಟು. ಕಣ್ಣು ಬಿಟ್ಟಿರುವುದಿಲ್ಲ, ಮೈಮೇಲೆ ಸರಿಯಾಗಿ ಕೂದಲೂ ಇರುವುದಿಲ್ಲ. ತಾಯಿ ಏನೂ ತಿನ್ನದೆ, ನೀರೂ ಕುಡಿಯದೆ, ತನ್ನ ಮೈಯ ಕೊಬ್ಬನ್ನೇ ಕರಗಿಸಿ ಮೂರು ತಿಂಗಳ ಹತ್ತಿರ ಹಾಲೂಡುತ್ತದೆ.

ಏಪ್ರಿಲ್, ಮೇನಲ್ಲಿ ಹೊರಗೆ ಬರುವಾಗ ಮರಿ ಎರಡು ಮೂರು ಕೆಜಿ ತೂಗುತ್ತದೆ ಅಷ್ಟೇ. ತಾಯಿ ಬಡಕಲಾಗಿರುತ್ತದೆ. ಕಾಡಿನಲ್ಲಿ ಆಗ ಏನಿರುತ್ತದೆ ಹೇಳಿ? ಎಳೆ ಹುಲ್ಲು, ಆಸ್ಪೆನ್ ಮರದ ಚಿಗುರು, ಇರುವೆ, ಚಳಿಗಾಲದಲ್ಲಿ ಸತ್ತ ಪ್ರಾಣಿಯ ಅಳಿದುಳಿದ ಮಾಂಸ. ಜುಲೈನಲ್ಲಿ ಬ್ಲೂಬೆರಿ ಹಣ್ಣಾಗುವವರೆಗೂ ಕರಡಿಯ ತೂಕ ಇಳಿಯುತ್ತಲೇ ಇರುತ್ತದೆ. ಅಂದರೆ ಹಾಲೂಡುತ್ತಿರುವ ತಾಯಿ ವರ್ಷದಲ್ಲೇ ಅತ್ಯಂತ ಹಸಿದಿರುವ ಹೊತ್ತು ಅದು. ಒಂಟಾರಿಯೋದ ವಸಂತ ಬೇಟೆ ನಡೆಯುವುದು ಮೇ 1ರಿಂದ ಜೂನ್ 15ರವರೆಗೆ. ಸರಿಯಾಗಿ ಅದೇ ಹೊತ್ತಿಗೆ.

ಇನ್ನು ಬೇಟೆ ಹೇಗೆ ನಡೆಯುತ್ತದೆ ಅಂತ ನಿಮ್ಮ ಜೊತೆಗಾರರನ್ನೇ ಕೇಳಿ. ಹೆಚ್ಚಿನವರು ಆಮಿಷ ಇಟ್ಟು ಹೊಡೆಯುತ್ತಾರೆ. ಪೀಪಾಯಿಯಲ್ಲಿ ಹಳೇ ಡೋನಟ್, ಕರಿದ ಎಣ್ಣೆ, ಕಾಕಂಬಿ, ಮಾಂಸದ ಚೂರು ತುಂಬಿಸಿ ಕಾಡಿನಲ್ಲಿ ಇಡುತ್ತಾರೆ. ದಿನಗಟ್ಟಲೆ ಕರಡಿ ಅಲ್ಲಿಗೆ ಬಂದು ರೂಢಿಯಾಗಲಿ ಅಂತ ಬಿಡುತ್ತಾರೆ. ಆಮೇಲೆ ಎದುರಿನ ಮರದಲ್ಲಿ ಅಟ್ಟಣೆ ಕಟ್ಟಿಕೊಂಡು ಸಂಜೆ ಕಾಯುತ್ತಾರೆ. ಆ ವಾಸನೆ ಬಹಳ ದೂರ ಹೋಗುತ್ತದೆ. ಹಸಿದ ತಾಯಿ ವಾಸನೆ ಹಿಡಿದು ಬರುತ್ತದೆ. ಆದರೆ ಆಮಿಷದ ಜಾಗಕ್ಕೆ ದೊಡ್ಡ ಗಂಡು ಕರಡಿಗಳೂ ಬರುತ್ತವೆ, ಅವು ಮರಿಗಳನ್ನು ಕೊಲ್ಲುವುದುಂಟು. ಇದು ತಾಯಿಗೆ ಗೊತ್ತು. ಹಾಗಾಗಿ ಮರಿಗಳನ್ನು ದೂರದಲ್ಲೇ, ದೊಡ್ಡದೊಂದು ಮರಕ್ಕೆ ಹತ್ತಿಸಿ, ತಾನು ಒಂಟಿಯಾಗಿ ಬರುತ್ತದೆ. ಅಮೆರಿಕದ ಮಿನ್ನೆಸೋಟಾದಲ್ಲಿ ತಾಯಂದಿರ ಹಿಂದೆಯೇ ವರ್ಷಗಟ್ಟಲೆ ತಿರುಗಿದ ವಿಜ್ಞಾನಿಗಳು ಇದನ್ನು ಚೆನ್ನಾಗಿ ದಾಖಲಿಸಿದ್ದಾರೆ. ತಾಯಿ ಒರಟು ತೊಗಟೆಯ ದೊಡ್ಡ ಬಿಳಿ ಪೈನ್ ಮರಗಳನ್ನೇ ಹುಡುಕುತ್ತದೆ, ಯಾಕೆಂದರೆ ಆ ತೊಗಟೆಯಲ್ಲಿ ಪುಟ್ಟ ಮರಿಗೂ ಉಗುರು ಸಿಗುತ್ತದೆ. ಮರಿಗಳು ತಾಯಿ ಬಂದು ಕರೆಯುವವರೆಗೂ ಮೇಲೆಯೇ ಇರುತ್ತವೆ.

ಈಗ ಅಟ್ಟಣೆ ಮೇಲೆ ಕೂತವರ ಜಾಗದಲ್ಲಿ ನೀವು ಕೂತು ನೋಡಿ. ಸಂಜೆ ಬೆಳಕು ಇಳಿಯುತ್ತಿದೆ, ಪೀಪಾಯಿ ಹತ್ತಿರ ಒಂದು ಕರಡಿ ಬಂದಿದೆ, ಒಂಟಿ, ಸುತ್ತಮುತ್ತ ಮರಿ ಇಲ್ಲ. ಕಾನೂನಿನ ಕಣ್ಣಿಗೆ ಇದು ಹೊಡೆಯಬಹುದಾದ ಕರಡಿ. ಗಂಡೋ ಹೆಣ್ಣೋ? ದೊಡ್ಡ ಗಂಡಾದರೆ ತಲೆಯ ಅಗಲ, ಕತ್ತಿನ ದಪ್ಪ ನೋಡಿ ಹೇಳಬಹುದು. ಆದರೆ ಎಳೇ ಗಂಡು ಮತ್ತು ಬೆಳೆದ ಹೆಣ್ಣು ನೋಡಲು ಒಂದೇ ಥರ. ಜಿಂಕೆಗಾದರೆ ಕೊಂಬಿದೆ. ಕರಡಿಗೆ ದೂರದಿಂದ ಕಾಣುವ ಅಂಥ ಗುರುತಿಲ್ಲ. ಹಾಲು ತುಂಬಿದ ಮೊಲೆ ಕಾಣುತ್ತದಲ್ಲ ಅಂತ ಕೆಲವರು ಹೇಳುತ್ತಾರೆ. ಮೇ ತಿಂಗಳಲ್ಲಿ ಕರಡಿಯ ಚಳಿಗಾಲದ ದಟ್ಟ ಕೂದಲು ಇನ್ನೂ ಉದುರಿರುವುದಿಲ್ಲ. ನಾಲ್ಕು ಕಾಲ ಮೇಲೆ ನಿಂತ ಕರಡಿಯ ಹೊಟ್ಟೆಯಡಿ ಮಬ್ಬಿನಲ್ಲಿ ಏನು ಕಂಡೀತು? ಅನುಭವಸ್ಥರು ತಾಳ್ಮೆಯಿಂದ ಕಾದು ನೋಡುತ್ತಾರೆ, ಅನುಮಾನ ಬಂದರೆ ಹೊಡೆಯುವುದಿಲ್ಲ. ಅಂಥವರ ಬಗ್ಗೆ ನನಗೆ ಗೌರವವಿದೆ. ಆದರೆ ಪರವಾನಗಿ ಅಂಥವರಿಗೆ ಮಾತ್ರ ಸಿಗುವುದಿಲ್ಲ. ಅಲ್ಲದೆ ಎಷ್ಟು ತಾಳ್ಮೆಯಿಂದ ಕಾದರೂ, ಅರ್ಧ ಕಿಲೋಮೀಟರ್ ಆಚೆ ಪೈನ್ ಮರದ ತುದಿಯಲ್ಲಿ ಕೂತ ಮರಿ ಯಾರಿಗೂ ಕಾಣುವುದಿಲ್ಲ.

ವಸಂತದಲ್ಲಿ ಮೊದಲು ಹೊರಬರುವುದು ಗಂಡುಗಳು, ಹಾಗಾಗಿ ಸಾಯುವುದರಲ್ಲಿ ಗಂಡುಗಳೇ ಜಾಸ್ತಿ ಅನ್ನುವ ವಾದವೂ ಇದೆ. ಅರ್ಧ ಸರಿ. ಗಂಡುಗಳು ಮೊದಲು ಬರುತ್ತವೆ, ಹೊಸ ಮರಿ ಹಾಕಿದ ತಾಯಂದಿರು ಎಲ್ಲರಿಗಿಂತ ಕೊನೆಗೆ. ಆದರೆ ಬೇಟೆಯ ಕಾಲ ಜೂನ್ ಮಧ್ಯದವರೆಗೆ ಇದೆ. ಅಷ್ಟರಲ್ಲಿ ತಾಯಂದಿರೆಲ್ಲ ಹೊರಗೆ ಬಂದು ಮೇವಿಗೆ ಅಲೆಯುತ್ತಿರುತ್ತಾರೆ. ಸಾಯುವುದರಲ್ಲಿ ಹೆಣ್ಣಿನ ಪಾಲು ಕಡಿಮೆ ಇರಬಹುದು. ಆದರೆ ಆ ಪಾಲಿನಲ್ಲಿ ಪ್ರತಿಯೊಂದು ಹಾಲೂಡುವ ತಾಯಿಯ ಹಿಂದೆ ಎರಡು ಮೂರು ಮರಿಗಳ ಸಾವು ಇದೆ, ಅದು ಯಾವ ಲೆಕ್ಕದಲ್ಲೂ ಬರುವುದಿಲ್ಲ. ಬೇಟೆಗಾರರು ಸರ್ಕಾರಕ್ಕೆ ಕೊಡುವ ವರದಿಯಲ್ಲಿ ಬರೆಯುವುದು ಹೊಡೆದ ಕರಡಿಯನ್ನು ಮಾತ್ರ. ಮರದ ಮೇಲೆ ಸತ್ತದ್ದನ್ನು ಬರೆಯುವವರು ಯಾರು?

ಗಂಡು ಕರಡಿ ಮರಿಗಳನ್ನು ಕೊಲ್ಲುತ್ತದೆ, ಗಂಡನ್ನು ಹೊಡೆದರೆ ಮರಿಗಳಿಗೇ ಒಳ್ಳೆಯದು ಅಂತಲೂ ಹೇಳುತ್ತಾರೆ. ಸ್ವೀಡನ್‌ನ ಕಂದು ಕರಡಿಗಳ ಮೇಲೆ ನಡೆದ ದೀರ್ಘ ಅಧ್ಯಯನದಲ್ಲಿ ಇದರ ಉಲ್ಟಾ ಕಂಡಿದೆ. ಒಂದು ಪ್ರದೇಶದ ಹಳೇ ಗಂಡು ಸತ್ತರೆ ಹೊಸ ಗಂಡು ಬಂದು ಸೇರುತ್ತದೆ, ಆ ಮರಿಗಳು ಅದರವಲ್ಲ, ಆಗ ಮರಿಗಳ ಸಾವು ಹೆಚ್ಚುತ್ತದೆ. ಕಪ್ಪು ಕರಡಿಗೂ ಇದು ಹಾಗೇ ಹೊಂದುತ್ತದೆ ಅಂತ ನಾನು ವಾದಿಸುವುದಿಲ್ಲ. ಆದರೆ ಗಂಡನ್ನು ಹೊಡೆದು ಮರಿ ಉಳಿಸುತ್ತೇವೆ ಅನ್ನುವ ಮಾತನ್ನು ಅಷ್ಟು ಸುಲಭವಾಗಿ ಒಪ್ಪಲೂ ಆಗುವುದಿಲ್ಲ.

ತಬ್ಬಲಿಯಾದ ಮರಿಗೆ ಏನಾಗುತ್ತದೆ? ನಾಲ್ಕು ತಿಂಗಳ ಮರಿ ಇನ್ನೂ ಹಾಲು ಕುಡಿಯುವ ಮರಿ. ಒಂದೆರಡು ದಿನ ಮರದ ಮೇಲೇ ಕಾಯುತ್ತದೆ, ಕೂಗುತ್ತದೆ. ಕೆಳಗಿಳಿದರೆ ತೋಳ, ನರಿ, ಹದ್ದು, ಬೇರೆ ಕರಡಿ. ಇಳಿಯದಿದ್ದರೆ ಹಸಿವು, ಚಳಿ. ಅಪ್ಪ ಕರಡಿಗೆ ಸಾಕುವ ಗುಣವಿಲ್ಲ. ಐದಾರು ತಿಂಗಳು ದಾಟಿದ ಮರಿಗೆ ಒಂಟಿಯಾಗಿ ಬದುಕುವ ಅವಕಾಶ ಸ್ವಲ್ಪ ಇದೆ. ಅದಕ್ಕಿಂತ ಚಿಕ್ಕದಾದರೆ ಉಳಿಯುವುದು ಬಹಳ ಅಪರೂಪ. ಅದಕ್ಕೇ ಶರತ್ಕಾಲಕ್ಕೂ ವಸಂತಕ್ಕೂ ಇಷ್ಟು ವ್ಯತ್ಯಾಸ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ತಾಯಿ ಸತ್ತರೂ ದುಃಖದ ವಿಷಯವೇ, ಆದರೆ ಆಗ ಮರಿ ಹಾಲು ಬಿಟ್ಟಿರುತ್ತದೆ, ಮೇಯಲು ಕಲಿತಿರುತ್ತದೆ, ಮೈಯಲ್ಲಿ ಕೊಬ್ಬಿರುತ್ತದೆ. ಅದಕ್ಕೊಂದು ದಾರಿಯಾದರೂ ಇದೆ. ಮೇ ತಿಂಗಳ ಮರಿಗೆ ಅದೂ ಇಲ್ಲ.

"ಕರಡಿಗಳೇನು ಅಳಿಯುತ್ತಿಲ್ಲವಲ್ಲ" ಅಂತ ನಿಮ್ಮ ಜೊತೆಗಾರರು ಕೇಳಬಹುದು. ನಿಜ, ಅಳಿಯುತ್ತಿಲ್ಲ. ಒಂಟಾರಿಯೋ ಒಂದರಲ್ಲೇ ಲಕ್ಷದ ಆಸುಪಾಸು ಕಪ್ಪು ಕರಡಿಗಳಿವೆ. ಜಾತಿಯೇ ನಾಶವಾಗುತ್ತಿದೆ ಅಂತ ಹೇಳಿ ವಸಂತದ ಬೇಟೆಯನ್ನು ವಿರೋಧಿಸುವವರು ತಪ್ಪು ವಾದ ಹಿಡಿದಿದ್ದಾರೆ, ಆ ವಾದ ಬೇಗ ಸೋಲುತ್ತದೆ. ಆದರೂ ಒಂದು ವಿಷಯ ಗಮನದಲ್ಲಿರಲಿ. ಹೆಣ್ಣು ಮೊದಲ ಸಲ ಮರಿ ಹಾಕುವುದೇ ನಾಲ್ಕೈದು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಂದು ಸಲ, ಯಾಕೆಂದರೆ ಮರಿ ಸುಮಾರು ಒಂದೂವರೆ ವರ್ಷ ತಾಯಿಯ ಜೊತೆಗಿರುತ್ತದೆ. ಜಿಂಕೆಯ ಹಾಗೆ ಬೇಗ ತುಂಬಿಕೊಳ್ಳುವ ಪ್ರಾಣಿ ಅಲ್ಲ ಇದು. ಆದರೆ ನನ್ನ ಮುಖ್ಯ ಮಾತು ಸಂಖ್ಯೆಯದಲ್ಲ. ಒಂದು ಪ್ರಾಣಿ ಎಷ್ಟೇ ಹೇರಳವಾಗಿದ್ದರೂ, ಹಾಲೂಡುವ ತಾಯಿಯನ್ನು ಕೊಂದು ಮರಿಗಳನ್ನು ಹಸಿವಿಗೆ ಬಿಡುವುದು ತಪ್ಪು. ಬೇಟೆಗಾರರ ನೀತಿಯೂ ಇದನ್ನೇ ಹೇಳುತ್ತದೆ. ಕಾನೂನಿನಲ್ಲಿ ಆ 25,000 ಡಾಲರ್ ದಂಡ ಇರುವುದೇ ಅದಕ್ಕೆ, ಅಲ್ವಾ? ತಪ್ಪು ಅಂತ ಎಲ್ಲರೂ ಒಪ್ಪಿದ ಮೇಲೆ, ಅದು ಪದೇ ಪದೇ ನಡೆಯುವ ತಿಂಗಳಲ್ಲೇ ಬೇಟೆ ಯಾಕೆ ಇಡಬೇಕು?

ಈಗ ಊರಿಗೆ ನುಗ್ಗುವ ವಿಷಯ. ಸಡ್‌ಬರಿಯಲ್ಲಿರುವ ನಿಮಗೆ ಇದು ಬರೀ ವಾದವಲ್ಲ, ಕಸದ ಡಬ್ಬಿ ಹೊರಗಿಟ್ಟ ದಿನ ಎದುರಾಗುವ ವಿಷಯ. ಇದಕ್ಕೊಂದು ಇತಿಹಾಸವಿದೆ. 1999ರಲ್ಲಿ ಮೈಕ್ ಹ್ಯಾರಿಸ್ ಅವರ ಕನ್ಸರ್ವೇಟಿವ್ ಸರ್ಕಾರ ಮರಿಗಳು ತಬ್ಬಲಿಯಾಗುತ್ತವೆ ಅನ್ನುವ ಕಾರಣಕ್ಕೆ ವಸಂತದ ಬೇಟೆಯನ್ನು ನಿಲ್ಲಿಸಿತು. ಉತ್ತರ ಒಂಟಾರಿಯೋದಲ್ಲಿ ಸಿಟ್ಟು ಎದ್ದಿತು. ಕರಡಿ ದೂರುಗಳು ಹೆಚ್ಚಾದಾಗಲೆಲ್ಲ ಬೇಟೆ ನಿಲ್ಲಿಸಿದ್ದೇ ಕಾರಣ ಅಂದರು. ಸರ್ಕಾರ ಒಂದು ಪರಿಶೀಲನಾ ಸಮಿತಿ ಮಾಡಿತು. 2003ರಲ್ಲಿ ಆ ಸಮಿತಿ ಕೊಟ್ಟ ವರದಿ ಬೇಟೆ ನಿಲ್ಲಿಸಿದ್ದಕ್ಕೂ ದೂರು ಹೆಚ್ಚಿದ್ದಕ್ಕೂ ನಂಟು ಹಾಕಲಿಲ್ಲ. ದೂರು ಏರುವುದು ಕಾಡಿನ ಹಣ್ಣು ಕೈಕೊಟ್ಟ ವರ್ಷಗಳಲ್ಲಿ. ಜೂನ್‌ನಲ್ಲಿ ಮಂಜು ಬಿದ್ದು ಬ್ಲೂಬೆರಿ ಹೂವು ಸುಟ್ಟರೆ, ಆಗಸ್ಟ್‌ನಲ್ಲಿ ಕರಡಿ ನಿಮ್ಮ ಹಿತ್ತಲಿಗೆ ಬರುತ್ತದೆ. ಆಮೇಲಿನ ವರ್ಷಗಳ ಅಂಕಿಅಂಶ ನೋಡಿದ ವಿಜ್ಞಾನಿಗಳಿಗೂ ಇದೇ ಕಂಡಿತು.

ಆದರೂ 2014ರಲ್ಲಿ ಲಿಬರಲ್ ಸರ್ಕಾರ ಎಂಟು ವನ್ಯಜೀವಿ ವಲಯಗಳಲ್ಲಿ ಪ್ರಾಯೋಗಿಕವಾಗಿ ಬೇಟೆಯನ್ನು ವಾಪಸ್ ತಂದಿತು. ಊರಿಗೆ ಬರುವ ಕರಡಿಯಿಂದ ಜನರನ್ನು ಕಾಪಾಡಲು ಅಂತ ಕಾರಣ ಕೊಟ್ಟಿತು. 2016ರಲ್ಲಿ ಅದನ್ನು ವಿಸ್ತರಿಸಿ ಹೊರಗಿನ ಬೇಟೆಗಾರರಿಗೂ ತೆರೆದರು. 2021ರಿಂದ ಅದು ಕಾಯಂ. ಈ ಪ್ರಾಯೋಗಿಕ ಬೇಟೆಯೇ ವಿಜ್ಞಾನಿಗಳಿಗೆ ಒಂದು ಒಳ್ಳೆ ಅವಕಾಶ ಕೊಟ್ಟಿತು. ಬೇಟೆ ಇದ್ದ ವಲಯ, ಇಲ್ಲದ ವಲಯ ಎರಡನ್ನೂ ಹೋಲಿಸಿ ನೋಡಬಹುದಿತ್ತಲ್ಲ. ಪ್ರಾಂತ್ಯ ಸರ್ಕಾರದ ವಿಜ್ಞಾನಿಗಳೇ ಇದ್ದ ತಂಡವೊಂದು ಹಾಗೆ ಮಾಡಿ 2023ರಲ್ಲಿ ಫಲಿತಾಂಶ ಪ್ರಕಟಿಸಿತು. ಬೇಟೆ ಹೆಚ್ಚಿದ ಕಡೆ ದೂರುಗಳು ಇಳಿಯಲಿಲ್ಲ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ದೂರದ ಕಾಡಿನಲ್ಲಿ ಆಮಿಷಕ್ಕೆ ಬಂದು ಸಾಯುವ ಕರಡಿ ಒಂದು, ಕಸದ ರುಚಿ ಹತ್ತಿ ಬಡಾವಣೆಗೆ ಬರುವ ಕರಡಿ ಇನ್ನೊಂದು. ಮೊದಲನೆಯದನ್ನು ಕೊಂದರೆ ಎರಡನೆಯದರ ಚಟ ಹೋಗುವುದಿಲ್ಲ.

ಹಾಗಾದರೆ ಈ ಬೇಟೆ ಯಾಕೆ ಉಳಿದಿದೆ? ದುಡ್ಡು ಒಂದು ಕಾರಣ, ಅದನ್ನು ಹೀಗಳೆಯಬಾರದು. ಉತ್ತರ ಒಂಟಾರಿಯೋದ ಸಣ್ಣ ಊರುಗಳಲ್ಲಿ ಬೇಟೆ ಶಿಬಿರ ನಡೆಸುವವರಿಗೆ ಮೇ ತಿಂಗಳು ಖಾಲಿ ತಿಂಗಳು. ಅಮೆರಿಕದಿಂದ ಬರುವ ಗಿರಾಕಿಗಳಿಂದ ನಾಲ್ಕು ಕಾಸು ಸಿಗುತ್ತದೆ. ಅವರ ಕಷ್ಟ ನಿಜವಾದದ್ದು, ಅದಕ್ಕೆ ಸರ್ಕಾರ ಬೇರೆ ದಾರಿ ಹುಡುಕಬೇಕು. ಮೀನು, ದೋಣಿ, ಕಾಡು ನೋಡಲು ಬರುವವರು ಹೀಗೆ ಏನಾದರೂ ಇರಬಹುದು. ಮೂಸ್ ಅನ್ನುವ ದೊಡ್ಡ ಜಾತಿಯ ಜಿಂಕೆಯ ಕರುಗಳನ್ನು ಕರಡಿ ತಿನ್ನುತ್ತದೆ ಅನ್ನುವುದು ಇನ್ನೊಂದು ಕಾರಣ. ತಿನ್ನುವುದು ಹೌದು, ಆದರೆ ಮೂಸ್ ಕಡಿಮೆಯಾಗಲು ರಕ್ತ ಹೀರುವ ಉಣ್ಣಿ ಹುಳ, ಕಾಯಿಲೆ, ಕಾಡಿನ ಬದಲಾವಣೆ, ಬೇಟೆ ಎಲ್ಲವೂ ಸೇರಿವೆ. ಅದಕ್ಕೆ ಕರಡಿ ಮರಿಗಳಿಂದ ತೆರ ವಸೂಲಿ ಮಾಡುವುದು ಸರಿಯಲ್ಲ.

ಬೇರೆ ಕಡೆ ಏನಾಗಿದೆ ಅಂತಲೂ ಹೇಳಬೇಕು, ಯಾಕೆಂದರೆ ಇದನ್ನು ನಿಲ್ಲಿಸಲು ಆಗುವುದೇ ಇಲ್ಲ ಅನ್ನುವವರಿದ್ದಾರೆ. ಅಮೆರಿಕದ ಕೊಲೊರಾಡೊದಲ್ಲಿ 1992ರಲ್ಲಿ ಜನರೇ ಮತ ಹಾಕಿ ವಸಂತದ ಕರಡಿ ಬೇಟೆ ನಿಲ್ಲಿಸಿದರು. ಆಮಿಷ, ಬೇಟೆನಾಯಿ ಎರಡನ್ನೂ ನಿಷೇಧಿಸಿದರು. ನೂರಕ್ಕೆ ಸುಮಾರು 70 ಜನ ಪರವಾಗಿದ್ದರು. ಅಲ್ಲಿನ ವನ್ಯಜೀವಿ ಇಲಾಖೆಯಲ್ಲೇ ಕರಡಿ ಅಧ್ಯಯನ ಮಾಡುತ್ತಿದ್ದ ಟಾಮ್ ಬೆಕ್ ಸ್ವತಃ ಬೇಟೆಗಾರರಾಗಿದ್ದರೂ ಆಮಿಷದ ಬೇಟೆಯ ವಿರುದ್ಧ ಬಾಯಿಬಿಟ್ಟು ಮಾತಾಡಿದರು. ಕೊಲೊರಾಡೊದಲ್ಲಿ ಕರಡಿ ಬೇಟೆ ನಿಂತುಹೋಗಲಿಲ್ಲ. ಇವತ್ತಿಗೂ ಶರತ್ಕಾಲದಲ್ಲಿ ನಡೆಯುತ್ತದೆ. ನಿಂತದ್ದು ತಾಯಂದಿರು ಹಾಲೂಡುವ ಕಾಲದ ಬೇಟೆ ಮಾತ್ರ.

ವಾಷಿಂಗ್ಟನ್ ರಾಜ್ಯದ ಕತೆ ಇನ್ನೂ ಇತ್ತೀಚಿನದು. ಅಲ್ಲಿ ವಸಂತದ ಬೇಟೆಗೆ ಲಾಟರಿ ಎತ್ತಿ ಪರವಾನಗಿ ಕೊಡುತ್ತಿದ್ದರು. ವಸಂತದಲ್ಲಿ ಕರಡಿ ಡಗ್ಲಸ್ ಫರ್ ಮರದ ತೊಗಟೆ ಸುಲಿದು ಒಳಗಿನ ಸಿಹಿ ಪದರ ತಿನ್ನುತ್ತದೆ, ಮರದ ಕಂಪನಿಗಳಿಗೆ ನಷ್ಟ ಅನ್ನುವುದೂ ಒಂದು ಕಾರಣವಾಗಿತ್ತು. 2021ರ ನವೆಂಬರ್‌ನಲ್ಲಿ ವನ್ಯಜೀವಿ ಆಯೋಗದಲ್ಲಿ ಮತ 4–4 ಸಮವಾಗಿ, ಮುಂದಿನ ವರ್ಷದ ಬೇಟೆಗೆ ಒಪ್ಪಿಗೆ ಸಿಗಲಿಲ್ಲ. ಒಂದು ವರ್ಷ ಜಗಳ, ಅಹವಾಲು, ಸಾರ್ವಜನಿಕ ಸಭೆ ನಡೆದು 2022ರ ನವೆಂಬರ್‌ನಲ್ಲಿ 5–4ರಿಂದ ಮನರಂಜನೆಗಾಗಿ ನಡೆಯುವ ವಸಂತದ ಬೇಟೆ ಬೇಡ ಅಂತ ತೀರ್ಮಾನವಾಯಿತು. ಒಂದೇ ಒಂದು ಮತದ ಅಂತರ. ಸಾಮಾನ್ಯ ಜನ ಬರೆದ ಪತ್ರ, ಆಡಿದ ಮಾತು ಆ ಸಭೆಗಳಿಗೆ ಹೋಗಿತ್ತು ಅನ್ನುವುದನ್ನು ನಿಮಗೆ ಒತ್ತಿ ಹೇಳುತ್ತಿದ್ದೇನೆ.

ಒಂದು ಎಚ್ಚರಿಕೆ. ವಿರೋಧಿಸುವಾಗ ಕೆನಡಾದ ಮೂಲನಿವಾಸಿಗಳ ಬೇಟೆಯನ್ನು ಇದರ ಜೊತೆ ಸೇರಿಸಬೇಡಿ. ಅವರ ಹಕ್ಕು ಒಪ್ಪಂದಗಳಿಂದ, ಸಂವಿಧಾನದಿಂದ ಬಂದದ್ದು. ಇಲ್ಲಿ ಪ್ರಶ್ನೆ ಇರುವುದು ಪರವಾನಗಿ ಕೊಟ್ಟು ನಡೆಸುವ ಹವ್ಯಾಸದ ಬೇಟೆಯ ಬಗ್ಗೆ. ಹಾಗೆಯೇ ಬೇಟೆಗಾರರನ್ನೆಲ್ಲ ಕಟುಕರು ಅಂತ ಬೈಯುವುದೂ ಬೇಡ. ನಮ್ಮ ದೇಶದಲ್ಲಿ ಕರಡಿ 1972ರ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯಲ್ಲಿದೆ, ಹೊಡೆಯುವ ಮಾತೇ ಇಲ್ಲ. ಆದರೆ ನಮ್ಮಲ್ಲೂ ಕುಣಿಸಲು ಮರಿ ಬೇಕು ಅಂತ ತಾಯಂದಿರನ್ನು ಕೊಂದ ಕಾಲ ಬಹಳ ಹಿಂದೆ ಹೋಗಿಲ್ಲ. 2009ರ ಸುಮಾರಿಗಷ್ಟೇ ಆ ಕುಣಿತ ಬೀದಿಯಿಂದ ಮರೆಯಾಯಿತು, ಹಾಗೆ ಬಿಡಿಸಿಕೊಂಡು ಬಂದ ಕರಡಿಗಳು ಬನ್ನೇರುಘಟ್ಟದಲ್ಲಿ ಬದುಕಿವೆ. ಹಾಗಾಗಿ ನಾವು ಮೇಲು, ಅವರು ಕೀಳು ಅನ್ನುವ ದನಿಯಲ್ಲಿ ಮಾತಾಡಲು ನಮಗೆ ಹಕ್ಕಿಲ್ಲ.

ನೀವು ಏನು ಮಾಡಬಹುದು? ಕರೆಯನ್ನು ನಯವಾಗಿ ಬೇಡ ಅನ್ನಿ, ಕಾರಣವನ್ನೂ ಹೇಳಿ. "ಶರತ್ಕಾಲದಲ್ಲಿ ಹೋಗಿ, ಮೇ ತಿಂಗಳಲ್ಲಿ ಬಿಡಿ" ಅಂತ ನಿಮ್ಮ ಜೊತೆಗಾರರನ್ನೇ ಕೇಳಿ ನೋಡಿ. ಒಳ್ಳೆ ಬೇಟೆಗಾರರಿಗೆ ಈ ಮಾತು ನಮ್ಮಂಥವರು ಹೇಳುವುದಕ್ಕಿಂತ ಪಕ್ಕದಲ್ಲಿ ಕೂತು ಕೆಲಸ ಮಾಡುವವರು ಹೇಳಿದರೆ ತಾಗುತ್ತದೆ. ಬೇಟೆಯ ನಿಯಮ ಬದಲಿಸುವಾಗ ಒಂಟಾರಿಯೋ ಸರ್ಕಾರ ಪರಿಸರ ನೋಂದಣಿ (Environmental Registry) ಅನ್ನುವ ತನ್ನ ಜಾಲತಾಣದಲ್ಲಿ ಜನರ ಅಭಿಪ್ರಾಯ ಕೇಳುತ್ತದೆ. ಅಲ್ಲಿ ಬರೆಯಿರಿ, ನಿಮ್ಮ ಕ್ಷೇತ್ರದ ಶಾಸಕರಿಗೂ ಬರೆಯಿರಿ. ಪೌರತ್ವ ಇಲ್ಲದಿದ್ದರೂ ಬರೆಯಬಹುದು, ನೀವು ಅಲ್ಲಿನ ನಿವಾಸಿ. ಉದ್ದ ಬೇಡ. ಮರಿ ಕಾಣದೆ ಇರುವುದರಿಂದ ಈಗಿನ ಕಾನೂನು ತಾಯಿಯನ್ನು ಕಾಯುತ್ತಿಲ್ಲ, ಹಾಗಾಗಿ ಬೇಟೆಯನ್ನು ಶರತ್ಕಾಲಕ್ಕೆ ಸೀಮಿತ ಮಾಡಿ ಅಂತ ನಾಲ್ಕು ಸಾಲು ಸಾಕು. ಮನೆಯ ಹತ್ತಿರದ ಕೆಲಸವೂ ಇದೆ. ಕಸವನ್ನು ಲಾರಿ ಬರುವ ಬೆಳಿಗ್ಗೆಯೇ ಹೊರಗಿಡಿ, ಏಪ್ರಿಲ್ ಬಂದ ಮೇಲೆ ಹಕ್ಕಿಗೆ ಕಾಳು ಹಾಕುವ ಡಬ್ಬಿ ತೆಗೆದುಬಿಡಿ, ಬಾರ್ಬೆಕ್ಯೂ ಒಲೆ ಜಿಡ್ಡಿಲ್ಲದಂತೆ ತೊಳೆದಿಡಿ. ಬೇಟೆಯಿಂದ ಆಗದ್ದು ಇದರಿಂದ ಆಗುತ್ತದೆ.

ಇನ್ನೊಂದು ಮಾತು, ಸಡ್‌ಬರಿ ಸುತ್ತಮುತ್ತ ಮೇ, ಜೂನ್‌ನಲ್ಲಿ ಕಾಡುದಾರಿಯಲ್ಲಿ ನಡೆಯಲು ಹೋದರೆ ಮರದ ಮೇಲೆ ಪುಟ್ಟ ಮರಿ ಒಂಟಿಯಾಗಿ ಕಂಡೀತು. ಕಂಡ ತಕ್ಷಣ ತಬ್ಬಲಿ ಅಂದುಕೊಳ್ಳಬೇಡಿ, ತಾಯಿ ಮೇಯಲು ಹೋಗಿರಬಹುದು. ಹತ್ತಿರ ಹೋಗಬೇಡಿ, ತಿನ್ನಲು ಏನೂ ಇಡಬೇಡಿ, ನಾಯಿ ಇದ್ದರೆ ಹಗ್ಗ ಬಿಗಿಹಿಡಿದು ಬಂದ ದಾರಿಯಲ್ಲೇ ವಾಪಸ್ ಹೋಗಿ. ನೀವು ಅಲ್ಲಿದ್ದಷ್ಟು ಹೊತ್ತು ತಾಯಿ ಬರುವುದಿಲ್ಲ. ಮಾರನೇ ದಿನವೂ ಮರಿ ಅದೇ ಮರದಲ್ಲಿದ್ದು, ಕೂಗುತ್ತಿದ್ದರೆ, ಸರ್ಕಾರದ ಬೇರ್ ವೈಸ್ ಸಹಾಯವಾಣಿಗೆ ಫೋನ್ ಮಾಡಿ ಜಾಗ ತಿಳಿಸಿ. ತಬ್ಬಲಿ ಮರಿಗಳನ್ನು ಸಾಕಿ ಮತ್ತೆ ಕಾಡಿಗೆ ಬಿಡಲು ಪರವಾನಗಿ ಇರುವ ಕೇಂದ್ರಗಳು ಒಂಟಾರಿಯೋದಲ್ಲಿವೆ. ಸ್ಪ್ರೂಸ್‌ಡೇಲ್ ಹತ್ತಿರದ ಬೇರ್ ವಿತ್ ಅಸ್ ಅವುಗಳಲ್ಲಿ ಒಂದು. ಬೇಗ ತಿಳಿಸಿದರೆ ಮರಿ ಬದುಕುವ ಸಾಧ್ಯತೆ ಇದೆ.